ಬಡತನದ ಹೊರೆ ಒಂದೇ ಶಾಲೆಯ ಮೇಲೆ ಬೀಳದಂತೆ: ವೇಕ್ ಕೌಂಟಿಯ ಶಾಲೆಗಳ ಇತಿಹಾಸ

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಗಂಟೆ ಹೊಡೆದರೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂರುತ್ತಾರೆ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ರಾಜ್ಯದ ಉಳಿದ ಭಾಗಗಳಿಗೂ ಹಬ್ಬಿದ ಅಕ್ಷರ ದಾಸೋಹದ ಈ ಪಂಕ್ತಿಯಲ್ಲಿ ಕೂತ ಮಗುವಿನ ತಂದೆಯ ಸಂಪಾದನೆ ಎಷ್ಟೆಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಪದ್ಧತಿ ಬೇರೆ. ಅಲ್ಲಿ 1946ರಲ್ಲಿ ರಾಷ್ಟ್ರೀಯ ಶಾಲಾ ಊಟದ ಕಾಯಿದೆ ಬಂದಿತು. ಆ ಯೋಜನೆಯ ಪ್ರಕಾರ, ಕುಟುಂಬದ ಆದಾಯವು ಬಡತನ ರೇಖೆಯ ಶೇಕಡ 130ರೊಳಗಿದ್ದರೆ ಮಗುವಿಗೆ ಊಟ ಉಚಿತ. ಶೇಕಡ 185ರೊಳಗಿದ್ದರೆ ಕಡಿಮೆ ದರ. ಅದಕ್ಕಿಂತ ಹೆಚ್ಚಿದ್ದವರು ಪೂರ್ತಿ ದರ ಕೊಡಬೇಕು. ಇದಕ್ಕಾಗಿ ತಂದೆತಾಯಿ ಅರ್ಜಿ ತುಂಬಿಕೊಡುತ್ತಿದ್ದರು. ಹೀಗೆ ಊಟದ ಪಟ್ಟಿಯೇ ಪ್ರತಿಯೊಂದು ಶಾಲೆಯಲ್ಲಿ ಬಡ ಮಕ್ಕಳು ಎಷ್ಟು ಮಂದಿ ಎಂಬುದನ್ನು ತಿಳಿಸುವ ಲೆಕ್ಕದ ಪುಸ್ತಕವಾಯಿತು.

ಈ ಲೆಕ್ಕದ ಪುಸ್ತಕವನ್ನು ಹಿಡಿದುಕೊಂಡು ಒಂದು ಜಿಲ್ಲೆಯವರು ದೊಡ್ಡದೊಂದು ಕೆಲಸಕ್ಕೆ ಕೈಹಾಕಿದರು. ತಮ್ಮ ಯಾವ ಶಾಲೆಯೂ ಬಡವರ ಶಾಲೆ ಎನಿಸಿಕೊಳ್ಳಬಾರದು ಎಂದು ನಿಶ್ಚಯಿಸಿ ಸುಮಾರು ಹತ್ತು ವರ್ಷ ಅದನ್ನು ನಡೆಸಿದರು. ಬಳಿಕ ಅದು ಮುರಿದುಬಿತ್ತು. ಅದು ಕಟ್ಟಲ್ಪಟ್ಟದ್ದು ಹೇಗೆ, ಮುರಿದದ್ದು ಏಕೆ ಎಂಬುದು ಶಿಕ್ಷಣದ ಕೆಲಸದಲ್ಲಿ ತೊಡಗಿರುವ ಎಲ್ಲರೂ ತಿಳಿಯಬೇಕಾದ ಸಂಗತಿ.

ಶಾಲಾ ಜಿಲ್ಲೆ ಮತ್ತು ಅದರ ಗಡಿ

ಅಮೆರಿಕದಲ್ಲಿ ಶಾಲೆಗಳು ನಮ್ಮಲ್ಲಿಯಂತೆ ರಾಜ್ಯದ ಇಲಾಖೆಯ ನೇರ ಆಡಳಿತದಲ್ಲಿ ಇಲ್ಲ. ದೇಶವು ಸಾವಿರಾರು ‘ಶಾಲಾ ಜಿಲ್ಲೆ’ಗಳಾಗಿ ಹಂಚಿಹೋಗಿದೆ. ಹೆಚ್ಚಿನ ಕಡೆ ಜನರೇ ಚುನಾಯಿಸುವ ಶಾಲಾ ಮಂಡಳಿ ಆ ಜಿಲ್ಲೆಯನ್ನು ನಡೆಸುತ್ತದೆ. ಯಾವ ಬೀದಿಯ ಮಗು ಯಾವ ಶಾಲೆಗೆ ಹೋಗಬೇಕೆಂದು ನಿರ್ಧರಿಸುವುದೂ ಈ ಮಂಡಳಿಯೇ. ಶಾಲೆಗೆ ಬೇಕಾದ ಹಣದ ದೊಡ್ಡ ಪಾಲು ಸ್ಥಳೀಯವಾಗಿ ಮನೆ ಮತ್ತು ಜಮೀನಿನ ಮೇಲೆ ಹಾಕುವ ತೆರಿಗೆಯಿಂದ ಬರುತ್ತದೆ. ಆದ್ದರಿಂದ ಸ್ಥಿತಿವಂತರ ಜಿಲ್ಲೆಗೆ ಸ್ಥಿತಿವಂತ ಶಾಲೆ, ಬಡವರ ಜಿಲ್ಲೆಗೆ ಬಡ ಶಾಲೆ ಎಂಬಂತಾಯಿತು. ಇದು ಅನ್ಯಾಯವೆಂದು ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊದ ಪೋಷಕರು ಸುಪ್ರೀಂ ಕೋರ್ಟಿನವರೆಗೂ ಹೋದರು. ಆದರೆ 1973ರಲ್ಲಿ ನ್ಯಾಯಾಲಯವು 5–4ರ ಬಹುಮತದಿಂದ ಅವರ ವಿರುದ್ಧ ತೀರ್ಪು ನೀಡಿತು.

ಇದಕ್ಕೆ ಮೊದಲೇ, 1954ರ ಮೇ 17ರಂದು, ಬ್ರೌನ್ ಮೊಕದ್ದಮೆಯ ಪ್ರಸಿದ್ಧ ತೀರ್ಪು ಬಂದಿತ್ತು. ಬಿಳಿಯರಿಗೊಂದು, ಕಪ್ಪು ಜನರಿಗೊಂದು ಎಂದು ಸರ್ಕಾರಿ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಅವರ ಪೀಠ ಒಮ್ಮತದಿಂದ ಹೇಳಿತು. ಕಾನೂನು ಬದಲಾದರೂ ಕೇರಿಗಳು ಬದಲಾಗಲಿಲ್ಲ. ಕಪ್ಪು ಜನರ ಕೇರಿಯ ಪಕ್ಕದ ಶಾಲೆಯಲ್ಲಿ ಕಪ್ಪು ಮಕ್ಕಳು, ಬಿಳಿಯರ ಬಡಾವಣೆಯ ಶಾಲೆಯಲ್ಲಿ ಬಿಳಿ ಮಕ್ಕಳು ಎಂಬ ಸ್ಥಿತಿಯೇ ಮುಂದುವರಿಯಿತು. 1971ರಲ್ಲಿ ನಾರ್ತ್ ಕೆರೊಲಿನಾ ರಾಜ್ಯದ ಷಾರ್ಲಟ್ ನಗರದ ಮೊಕದ್ದಮೆಯಲ್ಲಿ, ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕಳುಹಿಸಿಯಾದರೂ ಈ ಬೇರ್ಪಾಡನ್ನು ನಿವಾರಿಸಬಹುದೆಂದು ಸುಪ್ರೀಂ ಕೋರ್ಟ್ ಒಪ್ಪಿತು.

ಆದರೆ 1974ರಲ್ಲಿ ಡೆಟ್ರಾಯಿಟ್ ನಗರದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಒಂದು ಗೆರೆ ಎಳೆಯಿತು. ಹೊರವಲಯದ ಶಾಲಾ ಜಿಲ್ಲೆಗಳು ತಪ್ಪು ಮಾಡಿವೆಯೆಂದು ಸಾಬೀತಾಗದ ಹೊರತು ನಗರದ ಸಮಸ್ಯೆ ಪರಿಹರಿಸಲು ಅವುಗಳನ್ನು ಎಳೆತರುವಂತಿಲ್ಲ ಎಂದಿತು. ಬ್ರೌನ್ ಮೊಕದ್ದಮೆಯಲ್ಲಿ ವಕೀಲರಾಗಿ ವಾದಿಸಿ, ಆ ವೇಳೆಗೆ ಸ್ವತಃ ನ್ಯಾಯಮೂರ್ತಿಯಾಗಿದ್ದ ಥರ್ಗುಡ್ ಮಾರ್ಷಲ್ ಭಿನ್ನ ತೀರ್ಪು ಬರೆದರು. ಬಹುಮತದ ತೀರ್ಪಿನ ಪರಿಣಾಮವೇನೆಂದರೆ, ಉಳ್ಳವರು ನಗರದ ಗಡಿ ದಾಟಿ ಹೊರವಲಯದಲ್ಲಿ ಮನೆ ಮಾಡಿದರೆ ಸಾಕು, ಬಡವರ ಮಕ್ಕಳ ಜೊತೆ ಕೂರಬೇಕಾದ ಪ್ರಮೇಯ ಅವರ ಮಕ್ಕಳಿಗೆ ಬರುತ್ತಿರಲಿಲ್ಲ.

ನ್ಯಾಯಾಲಯ ಹೇಳದೆಯೂ ಗಡಿ ಅಳಿಸಿದವರು

ನಾರ್ತ್ ಕೆರೊಲಿನಾ ರಾಜ್ಯದ ರಾಜಧಾನಿ ರಾಲಿ. ಅದು ಇರುವುದು ವೇಕ್ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ಒಂದು ಸಣ್ಣ ಜಿಲ್ಲೆ ಎನ್ನಬಹುದು. 1970ರ ದಶಕದ ಆರಂಭದಲ್ಲಿ ಅಲ್ಲಿ ಎರಡು ಶಾಲಾ ವ್ಯವಸ್ಥೆಗಳಿದ್ದವು: ರಾಲಿ ನಗರದ್ದು ಒಂದು, ಸುತ್ತಲಿನ ಕೌಂಟಿಯದು ಇನ್ನೊಂದು. ಬಿಳಿಯರ ಕುಟುಂಬಗಳು ನಗರ ಬಿಟ್ಟು ಹೊರವಲಯಕ್ಕೆ ಹೋಗುತ್ತಿದ್ದವು. ಹೀಗೇ ಬಿಟ್ಟರೆ ನಗರದ ನಡುಭಾಗ ಪಾಳುಬೀಳುವುದೆಂದು ಊರಿನ ವ್ಯಾಪಾರಿಗಳು ಮತ್ತು ಹಿರಿಯರು ಮನಗಂಡರು. ಎರಡನ್ನೂ ಒಂದುಗೂಡಿಸುವ ಪ್ರಸ್ತಾಪಕ್ಕೆ ಜನರ ವಿರೋಧ ಬಲವಾಗಿಯೇ ಇತ್ತು. ಆದರೂ ರಾಜ್ಯದ ಶಾಸನ ಸಭೆಯ ಕಾಯಿದೆಯ ಮೂಲಕ 1976ರಲ್ಲಿ ಎರಡೂ ಒಂದಾದವು. ಡೆಟ್ರಾಯಿಟ್‌ನಲ್ಲಿ ನ್ಯಾಯಾಲಯ ತನ್ನಿಂದಾಗದು ಎಂದದ್ದನ್ನು ಎರಡೇ ವರ್ಷದಲ್ಲಿ ರಾಲಿಯವರು ತಾವಾಗಿಯೇ ಮಾಡಿಕೊಂಡಿದ್ದರು. ಶಿಕ್ಷಣ ಚಿಂತಕ ಜೆರಾಲ್ಡ್ ಗ್ರಾಂಟ್ ಎಂಬವರು 2009ರಲ್ಲಿ ಬರೆದ ಗ್ರಂಥದಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರವನ್ನೂ ರಾಲಿಯನ್ನೂ ಹೋಲಿಸಿ, ಈ ವಿಲೀನವೇ ಎರಡು ಊರುಗಳ ದಾರಿಯನ್ನು ಬೇರೆಮಾಡಿತೆಂದು ತೋರಿಸಿದ್ದಾರೆ.

1982ರಲ್ಲಿ ಇನ್ನೊಂದು ಉಪಾಯ ಮಾಡಲಾಯಿತು. ನಗರದ ಬಡ ಭಾಗದಲ್ಲಿದ್ದ ಶಾಲೆಗಳಲ್ಲೇ ಕಲೆ, ವಿಜ್ಞಾನ, ವಿದೇಶಿ ಭಾಷೆ ಮುಂತಾದ ವಿಶೇಷ ಪಾಠಗಳನ್ನು ತೆರೆದರು. ಒಳ್ಳೆಯ ಪಾಠದ ಆಸೆಗೆ ಹೊರವಲಯದ ಮಕ್ಕಳು ತಾವಾಗಿಯೇ ಅಲ್ಲಿಗೆ ಬರಲೆಂಬುದು ಉದ್ದೇಶ. ಅಯಸ್ಕಾಂತದಂತೆ ಸೆಳೆಯುವುದರಿಂದ ಇವುಗಳಿಗೆ ‘ಮ್ಯಾಗ್ನೆಟ್ ಶಾಲೆ’ ಎಂಬ ಹೆಸರು ಬಂತು. ಬಡವರ ಮಕ್ಕಳನ್ನಷ್ಟೇ ದೂರ ಕಳುಹಿಸದೆ ಉಳ್ಳವರ ಮಕ್ಕಳೂ ಬಡವರ ಭಾಗಕ್ಕೆ ಬರುವಂತೆ ಮಾಡಿದ್ದು ಇದರ ವಿಶೇಷ.

ಬಣ್ಣದ ಬದಲು ಬಡತನ

1990ರ ದಶಕದ ಕೊನೆಯವರೆಗೂ ವೇಕ್ ಕೌಂಟಿಯಲ್ಲಿ ಮಕ್ಕಳನ್ನು ಹಂಚುವಾಗ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. 1999ರಲ್ಲಿ ಆ ಭಾಗದ ಫೆಡರಲ್ ನ್ಯಾಯಾಲಯಗಳು ಇಂಥ ಕ್ರಮಕ್ಕೆ ವಿರುದ್ಧವಾಗಿ ತೀರ್ಪು ಕೊಡತೊಡಗಿದವು. ಮುಂದೇನು ಎಂಬ ಪ್ರಶ್ನೆ ಎದ್ದಾಗ ಮಂಡಳಿ 2000ದ ಜನವರಿಯಲ್ಲಿ ಹೊಸ ನಿಯಮ ಮಾಡಿತು. ಯಾವ ಶಾಲೆಯಲ್ಲೂ ಉಚಿತ ಅಥವಾ ಕಡಿಮೆ ದರದ ಊಟಕ್ಕೆ ಅರ್ಹರಾದ ಮಕ್ಕಳು ಶೇಕಡ 40ನ್ನು ಮೀರಬಾರದು. ಓದಿನಲ್ಲಿ ತರಗತಿಯ ಮಟ್ಟಕ್ಕಿಂತ ಹಿಂದುಳಿದವರು ಶೇಕಡ 25ನ್ನು ಮೀರಬಾರದು.

ಇಂಥ ಪ್ರಯೋಗಕ್ಕೆ ವೇಕ್ ಮೊದಲನೆಯದಲ್ಲ. ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಎಂಬ ಸಣ್ಣ ಊರಿನಲ್ಲಿ 1992ರಲ್ಲೇ ಇದು ಆರಂಭವಾಗಿತ್ತು. ಅಲ್ಲಿ ಕೆರಳಿದ ಮತದಾರರು ಮಂಡಳಿಯ ಕೆಲವು ಸದಸ್ಯರನ್ನು ಅವಧಿಗೆ ಮುನ್ನವೇ ಮನೆಗೆ ಕಳುಹಿಸಿದ್ದರು. ಆದರೆ ಸುಮಾರು ಒಂದು ಲಕ್ಷ ಮಕ್ಕಳಿರುವ ದೊಡ್ಡ ಜಿಲ್ಲೆಯೊಂದು ಈ ದಾರಿ ಹಿಡಿದದ್ದು ದೇಶದ ಗಮನ ಸೆಳೆಯಿತು.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಇಡೀ ಕೌಂಟಿಯನ್ನು ನೂರಾರು ಸಣ್ಣ ತುಂಡುಗಳಾಗಿ ವಿಂಗಡಿಸಿದ್ದರು. ಪ್ರತಿ ತುಂಡಿನಲ್ಲಿ ಎಷ್ಟು ಮಕ್ಕಳು, ಅವರಲ್ಲಿ ಎಷ್ಟು ಬಡವರು, ಹತ್ತಿರದ ಶಾಲೆಯಲ್ಲಿ ಎಷ್ಟು ಜಾಗ ಎಂಬುದನ್ನು ನೋಡಿ ತುಂಡು ತುಂಡಾಗಿಯೇ ಶಾಲೆಗೆ ಸೇರಿಸುತ್ತಿದ್ದರು. ಒಬ್ಬೊಬ್ಬ ಮಗುವನ್ನು ಹೆಸರು ಹಿಡಿದು ಬಡವನೆಂದು ಗುರುತಿಸಿ ಕಳುಹಿಸುವ ಕ್ರಮ ಇದಲ್ಲ. ಪಶ್ಚಿಮದ ಕೇರಿ, ಏಪೆಕ್ಸ್ ಮೊದಲಾದ ಊರುಗಳಲ್ಲಿ ಸ್ಥಿತಿವಂತರು ಹೆಚ್ಚು. ರಾಲಿಯ ಆಗ್ನೇಯ ಭಾಗದಲ್ಲೂ ಕೌಂಟಿಯ ಪೂರ್ವದ ಊರುಗಳಲ್ಲೂ ಬಡವರು ಹೆಚ್ಚು. ಈ ಎರಡು ಕಡೆಗಳ ಅಂತರ ಶಾಲೆಯ ಬಾಗಿಲಲ್ಲಿ ಕಾಣಬಾರದೆಂಬುದೇ ನಿಯಮದ ತಿರುಳು.

ಜೊತೆಗೆ ಕೂತರೆ ಏನಾಗುತ್ತದೆ?

ಬಡ ಮಕ್ಕಳ ಶಾಲೆಗೆ ಹೆಚ್ಚು ಹಣ ಕೊಟ್ಟರೆ ಸಾಲದೇ, ಅವರನ್ನು ಹಂಚುವುದೇಕೆ ಎಂದು ಓದುಗರು ಕೇಳಬಹುದು. ಈ ಪ್ರಶ್ನೆಗೆ ಉತ್ತರದ ಹುಡುಕಾಟ 1966ರಲ್ಲೇ ಆರಂಭವಾಯಿತು. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಅವರ ತಂಡವು ಆರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿ ಕಲೆಹಾಕಿ ಸರ್ಕಾರಕ್ಕೆ ವರದಿ ಕೊಟ್ಟಿತು. ಮಗುವಿನ ಕಲಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರುವುದು ಮನೆಯ ಪರಿಸ್ಥಿತಿ. ಶಾಲೆಗೆ ಸಂಬಂಧಿಸಿದಂತೆ ಹೇಳುವುದಾದರೆ ಕಟ್ಟಡ, ಸಲಕರಣೆಗಳಿಗಿಂತ ಜೊತೆಯಲ್ಲಿ ಓದುವ ಮಕ್ಕಳು ಯಾರೆಂಬುದು ಮುಖ್ಯ ಎಂದು ಆ ವರದಿ ಹೇಳಿತು. ಇದಕ್ಕೆ ಕಾರಣ ತಿಳಿಯುವುದು ಕಷ್ಟವಲ್ಲ. ಬಡತನ ಒಂದೇ ಕಡೆ ರಾಶಿಬಿದ್ದ ಶಾಲೆಯಲ್ಲಿ ಅನುಭವಿ ಶಿಕ್ಷಕರು ಬಹುಕಾಲ ನಿಲ್ಲುವುದಿಲ್ಲ. ಮನೆ ಬದಲಿಸುವ ಕುಟುಂಬಗಳು ಹೆಚ್ಚು, ಹಾಗಾಗಿ ನಡುವರ್ಷದಲ್ಲಿ ಶಾಲೆ ಬಿಡುವ ಮಕ್ಕಳೂ ಹೆಚ್ಚು. ಚಾವಣಿ ಸೋರಿದರೆ, ಗಣಿತದ ಮೇಷ್ಟ್ರು ಬಾರದಿದ್ದರೆ ಕಚೇರಿಗೆ ಹೋಗಿ ಜೋರಾಗಿ ಕೇಳಬಲ್ಲ ಪೋಷಕರು ಕಡಿಮೆ.

2010ರಲ್ಲಿ ಹೆದರ್ ಶ್ವಾರ್ಟ್ಸ್ ಎಂಬ ಸಂಶೋಧಕಿ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮೆರಿ ಕೌಂಟಿಯಲ್ಲಿ ಸರ್ಕಾರದ ವಸತಿ ಮನೆಗಳನ್ನು ಬಡ ಕುಟುಂಬಗಳಿಗೆ ಲಾಟರಿಯಂತೆ ಹಂಚುತ್ತಿದ್ದರು. ಹೀಗಾಗಿ ಸುಮಾರು 850 ಮಕ್ಕಳಲ್ಲಿ ಕೆಲವರು ಬಡತನ ಕಡಿಮೆಯಿರುವ ಶಾಲೆಗೂ ಕೆಲವರು ಬಡತನ ಹೆಚ್ಚಿದ್ದ ಶಾಲೆಗೂ ಸೇರಿದರು. ಎರಡನೆಯ ಬಗೆಯ ಶಾಲೆಗಳಿಗೆ ಜಿಲ್ಲೆ ಹೆಚ್ಚುವರಿ ಹಣವನ್ನೂ ಕೊಡುತ್ತಿತ್ತು. ಆದರೂ ಪ್ರಾಥಮಿಕ ಶಾಲೆಯ ಕೊನೆಯ ಹೊತ್ತಿಗೆ ಮೊದಲ ಗುಂಪಿನ ಮಕ್ಕಳೇ ಗಣಿತದಲ್ಲಿ ಬಹಳ ಮುಂದಿದ್ದರು. ಸ್ಥಿತಿವಂತ ಮಕ್ಕಳಿಗೂ ಅವರಿಗೂ ಇದ್ದ ಅಂತರ ಅರ್ಧದಷ್ಟು ಕಡಿಮೆಯಾಗಿತ್ತು. ಹಣ ಬೇಡವೆಂದು ಇದರರ್ಥವಲ್ಲ. ಹಣವೊಂದೇ ಸಾಲದು ಎಂದು ಅರ್ಥ.

ವೇಕ್ ಕೌಂಟಿಯಲ್ಲೂ ಆ ವರ್ಷಗಳಲ್ಲಿ ಫಲ ಕಂಡಿತು. 2003ರ ಹೊತ್ತಿಗೆ 3ರಿಂದ 8ನೇ ತರಗತಿಯವರೆಗಿನ ಶೇಕಡ 95 ಮಕ್ಕಳು ರಾಜ್ಯ ಪರೀಕ್ಷೆಯಲ್ಲಿ ತರಗತಿಯ ಮಟ್ಟ ಮುಟ್ಟಬೇಕೆಂಬ ಗುರಿ ಇಟ್ಟುಕೊಂಡಿದ್ದರು. ಸುಮಾರು ಶೇಕಡ 91ರವರೆಗೆ ತಲುಪಿದರು. ಜಿಲ್ಲೆಯ ಶಿಕ್ಷಣಾಧಿಕಾರಿ ಬಿಲ್ ಮೆಕ್ನೀಲ್ ಅವರಿಗೆ 2004ರಲ್ಲಿ ರಾಷ್ಟ್ರಮಟ್ಟದ ಪ್ರಶಸ್ತಿ ಬಂದಿತು. ರಾಜ್ಯದ ಪರೀಕ್ಷೆಯೇ ಸುಲಭವಾಗಿತ್ತೆಂಬ ಟೀಕೆಯೂ ಇತ್ತು. ಬಡ ಮಕ್ಕಳ ಮತ್ತು ಉಳಿದವರ ನಡುವಿನ ಅಂತರ ಕರಗಿಹೋಯಿತೆಂದು ಯಾರೂ ಹೇಳಲಾರರು.

ಬಸ್ಸಿನಲ್ಲಿ ಕೂತವರ ಅಳಲು

ನಿಯಮಕ್ಕೆ ಬೆಲೆಯೂ ಇತ್ತು. ರಾಲಿ, ಡರ್ಹಮ್, ಚಾಪೆಲ್ ಹಿಲ್ ನಡುವೆ 1959ರಲ್ಲಿ ಸ್ಥಾಪನೆಯಾದ ಸಂಶೋಧನಾ ಪಾರ್ಕಿನಿಂದಾಗಿ ಆ ಪ್ರದೇಶಕ್ಕೆ ಜನ ಹರಿದುಬಂದರು. ಕಂಪ್ಯೂಟರ್ ಮತ್ತು ಔಷಧ ಕಂಪನಿಗಳ ಕೆಲಸಕ್ಕಾಗಿ ಹೋದವರಲ್ಲಿ ಭಾರತೀಯರೂ ಅನೇಕ. ಇಂದು ಕೇರಿ, ಮೋರಿಸ್ವಿಲ್ ಊರುಗಳಲ್ಲಿ ಕನ್ನಡ ಮಾತಾಡುವ ಮನೆಗಳೂ ಇವೆ. 2000ದಲ್ಲಿ ಸುಮಾರು 6.28 ಲಕ್ಷವಿದ್ದ ಕೌಂಟಿಯ ಜನಸಂಖ್ಯೆ 2010ರಲ್ಲಿ 9 ಲಕ್ಷವಾಯಿತು. ಕಟ್ಟಿದ ಶಾಲೆ ತುಂಬಿ ಹೊಸ ಶಾಲೆ ತೆರೆಯಬೇಕಾಗುತ್ತಿತ್ತು. ಪ್ರತಿ ಸಲವೂ ಹಂಚಿಕೆ ಬದಲಾಗುತ್ತಿತ್ತು. 2000ದಿಂದ 2010ರವರೆಗೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಶಾಲೆ ಬದಲಾಯಿತು. ಅದರಲ್ಲಿ ಬಹುಭಾಗಕ್ಕೆ ಕಾರಣ ಜನಸಂಖ್ಯೆಯ ಏರಿಕೆಯೇ. ಆದರೆ ಪೋಷಕರ ಸಿಟ್ಟು ಬಿದ್ದದ್ದು ಸಮತೋಲನದ ನಿಯಮದ ಮೇಲೆ.

ಜಾಗ ಸಾಲದೆ ಕೆಲವು ಶಾಲೆಗಳನ್ನು ವರ್ಷವಿಡೀ ಸರದಿಯಲ್ಲಿ ನಡೆಸಲು ಮಂಡಳಿ ಹೊರಟಾಗ ಪೋಷಕರು ನ್ಯಾಯಾಲಯದ ಮೆಟ್ಟಿಲೇರಿದರು. 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮಂಡಳಿಯ ಪರವಾಗಿ ತೀರ್ಪಿತ್ತರೂ ಅಸಮಾಧಾನ ತಣಿಯಲಿಲ್ಲ. ಅಣ್ಣನಿಗೊಂದು ಶಾಲೆ, ತಂಗಿಗೊಂದು ಶಾಲೆ, ಇಬ್ಬರಿಗೂ ಬೇರೆ ಬೇರೆ ರಜೆ ಎಂದಾದರೆ ಯಾವ ತಾಯಿಗೆ ಬೇಸರವಾಗದು? ಬೆಳಿಗ್ಗೆ ಕತ್ತಲಲ್ಲೇ ಬಸ್ಸು ಹತ್ತಬೇಕಾದ ಬಡ ಕುಟುಂಬಗಳಲ್ಲೂ ಈ ವ್ಯವಸ್ಥೆ ಒಪ್ಪದವರಿದ್ದರು. ಇತ್ತ ಬಡ ಮಕ್ಕಳ ಸಂಖ್ಯೆ ಹೆಚ್ಚುತ್ತಾ ಹೋದಂತೆ ಹಲವು ಶಾಲೆಗಳು ಶೇಕಡ 40ರ ಮಿತಿಯನ್ನು ದಾಟಿದವು. ನಿಯಮ ಕಾಗದದಲ್ಲಿ ಗಟ್ಟಿಯಾಗಿದ್ದರೂ ನೆಲದಲ್ಲಿ ಸಡಿಲವಾಗಿತ್ತು.

ಒಂದು ಮತದ ಅಂತರ

2009ರ ಅಕ್ಟೋಬರಿನಲ್ಲಿ ಮಂಡಳಿಯ ಒಂಬತ್ತು ಸ್ಥಾನಗಳಲ್ಲಿ ನಾಲ್ಕಕ್ಕೆ ಚುನಾವಣೆ ನಡೆಯಿತು. ‘ನೆರೆಹೊರೆಯ ಶಾಲೆ’ ಬೇಕೆಂದು ಕೂಗಿದವರು ಗೆದ್ದರು. 2010ರ ಮಾರ್ಚಿಯಲ್ಲಿ 5–4ರ ಮತದಿಂದ ಹಳೆಯ ನೀತಿಯನ್ನು ಕೈಬಿಡುವ ತೀರ್ಮಾನವಾಯಿತು. ಮೇ ತಿಂಗಳಲ್ಲಿ ಅದು ಅಂತಿಮವಾಯಿತು. ಮೂವತ್ತನಾಲ್ಕು ವರ್ಷಗಳ ವಿಲೀನದ ಶ್ರಮ ಮತ್ತು ಹತ್ತು ವರ್ಷಗಳ ನಿಯಮ ಒಂದು ಮತದಲ್ಲಿ ಬದಿಗೆ ಸರಿಯಿತು. ನಾಗರಿಕ ಹಕ್ಕುಗಳ ನಾಯಕ, ಪಾದ್ರಿ ವಿಲಿಯಂ ಬಾರ್ಬರ್ ಅವರ ಮುಂದಾಳತ್ವದಲ್ಲಿ ದೊಡ್ಡ ಪ್ರತಿಭಟನೆಗಳು ನಡೆದು ಅವರೂ ಇತರರೂ ಬಂಧಿತರಾದರು. 2011ರ ಚುನಾವಣೆಯಲ್ಲಿ ಜನರು ಮತ್ತೆ ಬೇರೆ ಬಹುಮತವನ್ನು ಆರಿಸಿದರು. ಪೋಷಕರೇ ಶಾಲೆ ಆರಿಸಿಕೊಳ್ಳುವ ಯೋಜನೆಯೊಂದು 2012ರಲ್ಲಿ ಜಾರಿಗೆ ಬಂದು ಒಂದೇ ವರ್ಷದಲ್ಲಿ ಹೋಯಿತು. ಮ್ಯಾಗ್ನೆಟ್ ಶಾಲೆಗಳು ಉಳಿದವು. ಆದರೆ ಶೇಕಡ 40ರ ಆ ಮಿತಿ ಹಳೆಯ ರೂಪದಲ್ಲಿ ಮರಳಿ ಬರಲಿಲ್ಲ.

ಹತ್ತು ವರ್ಷಗಳ ತರುವಾಯ, 2021ರಲ್ಲಿ, ಸಂಶೋಧಕರ ತಂಡವೊಂದು ಶಾಲೆ ಬದಲಿಸಬೇಕಾಗಿ ಬಂದ ಆ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿತು. ಅವರ ಗಣಿತದ ಅಂಕಗಳು ಸ್ವಲ್ಪ ಏರಿದ್ದವು. ಶಿಕ್ಷೆಯಾಗಿ ಶಾಲೆಯಿಂದ ಹೊರಗಿಡಲ್ಪಟ್ಟವರ ಪ್ರಮಾಣ ಇಳಿದಿತ್ತು. ಬೇರೆ ನಷ್ಟವೇನೂ ಕಾಣಲಿಲ್ಲ. ಪೋಷಕರು ಯಾವುದಕ್ಕೆ ಅಂಜಿದ್ದರೋ ಅದು ಮಕ್ಕಳ ಓದಿನಲ್ಲಿ ಆಗಿರಲಿಲ್ಲ. ಈ ಲೆಕ್ಕ ಕೈಗೆ ಸಿಕ್ಕುವ ಹೊತ್ತಿಗೆ ನಿಯಮ ಹೋಗಿ ಹನ್ನೊಂದು ವರ್ಷವಾಗಿತ್ತು.

ಊಟದ ಪಟ್ಟಿಯ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. 2010ರ ಕಾಯಿದೆಯಂತೆ, ಬಡತನ ಹೆಚ್ಚಿರುವ ಶಾಲೆಗಳು ಅರ್ಜಿ ಕೇಳದೆ ಎಲ್ಲ ಮಕ್ಕಳಿಗೂ ಊಟ ಕೊಡಬಹುದಾಯಿತು. 2014ರಿಂದ ಇದು ದೇಶದ ಎಲ್ಲೆಡೆ ಜಾರಿಗೆ ಬಂತು. ಹಸಿದ ಮಗುವಿಗೆ ಇದು ಒಳ್ಳೆಯದೇ ಆಯಿತು. ಆದರೆ ಬಡತನವನ್ನು ಅಳೆಯುತ್ತಿದ್ದ ಆ ಹಳೆಯ ಅಳತೆಗೋಲು ಮಸುಕಾಯಿತು.

ನೆರೆಹೊರೆ ಎಂಬ ಒಂದು ಮಾತು, ಎರಡು ಅರ್ಥ

ವಿದ್ಯಾರ್ಥಿ ಮಿತ್ರರು ಒಂದು ಸಂಗತಿಯನ್ನು ಗಮನಿಸಬೇಕು. ಕೋಲ್ಮನ್ ವರದಿ ಬಂದ 1966ರಲ್ಲೇ ನಮ್ಮ ದೇಶದಲ್ಲಿ ಡಾ. ಡಿ. ಎಸ್. ಕೊಠಾರಿ ಅವರ ಅಧ್ಯಕ್ಷತೆಯ ಶಿಕ್ಷಣ ಆಯೋಗವೂ ವರದಿ ಸಲ್ಲಿಸಿತು. ಅದು ಸಮಾನ ಶಾಲಾ ವ್ಯವಸ್ಥೆಯನ್ನೂ ನೆರೆಹೊರೆಯ ಶಾಲೆಯನ್ನೂ ಶಿಫಾರಸು ಮಾಡಿತು. ಅಲ್ಲಿ ನೆರೆಹೊರೆಯ ಶಾಲೆ ಎಂದರೆ ಜಾತಿ, ಮತ, ಸಿರಿತನ ನೋಡದೆ ಆ ಭಾಗದ ಎಲ್ಲ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಶಾಲೆ. ರಾಲಿಯಲ್ಲಿ 2009ರಲ್ಲಿ ಅದೇ ಮಾತು ಬೇರೆಯ ಫಲ ಕೊಟ್ಟಿತು. ಕೇರಿಗಳೇ ಬೇರೆಯಾಗಿರುವಾಗ ನೆರೆಹೊರೆಯ ಶಾಲೆ ಎಂದರೆ ಬಡವರು ಬಡವರ ಜೊತೆ, ಉಳ್ಳವರು ಉಳ್ಳವರ ಜೊತೆ ಎಂದೇ ಆಗುತ್ತದೆ.

ನಮ್ಮಲ್ಲಿ ಬೇರ್ಪಾಡು ನಡೆಯುವುದು ಗಡಿಯಿಂದಲ್ಲ, ಶುಲ್ಕದಿಂದ. ಒಂದೇ ಬೀದಿಯಿಂದ ಒಂದು ಮಗು ಖಾಸಗಿ ಶಾಲೆಯ ವ್ಯಾನು ಹತ್ತುತ್ತದೆ, ಇನ್ನೊಂದು ಸರ್ಕಾರಿ ಶಾಲೆಗೆ ನಡೆಯುತ್ತದೆ. ಇದನ್ನು ಸ್ವಲ್ಪವಾದರೂ ಸರಿಪಡಿಸಲೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳ ಶೇಕಡ 25 ಸೀಟುಗಳನ್ನು ದುರ್ಬಲ ವರ್ಗದ ಮತ್ತು ಅವಕಾಶ ವಂಚಿತ ಮಕ್ಕಳಿಗೆ ಮೀಸಲಿಟ್ಟಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಕರ್ನಾಟಕವು 2018ರ ಕೊನೆಯಲ್ಲಿ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲವೆಂದಿತು. ಸರ್ಕಾರಿ ಶಾಲೆ ಉಳಿಯಬೇಕೆಂಬ ಕಾರಣಕ್ಕೆ ಹೌದೆನ್ನುವವರೂ ಇದ್ದಾರೆ, ಮಕ್ಕಳು ಬೆರೆಯುವ ಒಂದು ಬಾಗಿಲು ಮುಚ್ಚಿತೆನ್ನುವವರೂ ಇದ್ದಾರೆ. ಎರಡು ವಾದಗಳನ್ನೂ ತೂಗಿ ನೋಡುವುದು ನಮ್ಮ ಕರ್ತವ್ಯ.

ವೇಕ್ ಕೌಂಟಿಯಿಂದ ಕಲಿಯಬೇಕಾದ ಪಾಠ ಎರಡು. ಮೊದಲನೆಯದು, ಬಡತನ ಒಂದೇ ಶಾಲೆಯ ಮೇಲೆ ರಾಶಿಬೀಳುವುದು ಹಣೆಬರಹವಲ್ಲ. ಅದು ಗಡಿ, ಶುಲ್ಕ, ನಿಯಮಗಳಿಂದ ಆಗುವಂಥದು. ಮನುಷ್ಯರು ಮಾಡಿದ್ದನ್ನು ಮನುಷ್ಯರೇ ಬದಲಾಯಿಸಬಲ್ಲರು. ಎರಡನೆಯದು, ಒಳ್ಳೆಯ ನಿಯಮ ಮಾಡಿದರೆ ಸಾಲದು. ಅದರಿಂದ ಮನೆಗಳಿಗೆ ಆಗುವ ತೊಂದರೆಯನ್ನು ಕೇಳಿಸಿಕೊಂಡು, ಅದು ಏಕೆ ಬೇಕೆಂದು ಪ್ರತಿ ವರ್ಷ ಜನರಿಗೆ ಮತ್ತೆ ಮತ್ತೆ ತಿಳಿಸಿ ಹೇಳುತ್ತಿರಬೇಕು. ನಮ್ಮ ರಾಜ್ಯದಲ್ಲಿ 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಅದರ ಸಭೆಯ ದಿನ ನಮ್ಮಲ್ಲಿ ಎಷ್ಟು ಮಂದಿ ಹೋಗಿ ಕೂರುತ್ತೇವೆ? ರಾಲಿಯಲ್ಲಿ ಸಾವಿರಾರು ಮಕ್ಕಳ ಶಾಲೆಯನ್ನು ತೀರ್ಮಾನಿಸಿದ್ದು ಒಂದು ಮತ. ಆ ಒಂದು ಮತಕ್ಕೆ ಎಷ್ಟು ಬೆಲೆಯೆಂಬುದನ್ನು ಅಲ್ಲಿಯವರು ಪ್ರತಿಭಟನೆಗೆ ಇಳಿದ ಮೇಲೆ ಅರಿತರು. ನಾವು ಸಭೆಗೆ ಹೋಗುವ ಮೊದಲೇ ಅರಿತಿದ್ದರೆ ಒಳ್ಳೆಯದು.